ಪಟ್ಟಣಗಳ ಪರಿಸರ ದಕ್ಷತೆ: ವಿಜಯಪುರ ಸೀಮೆಯ ಕೆಲವು ನಿದರ್ಶನಗಳು

‘ಪರಿಸರ’ ಎಂಬ ಶಬ್ದವು ಇಂದು ಪ್ರಾಥಮಿಕ ಶಾಲೆಯ ಮಕ್ಕಳ ನಾಲಗೆಯ ಮೇಲೂ ನಲಿದಾಡುತ್ತಿದೆ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ನದಿಯ, ಬೆಟ್ಟದ ಅಥವಾ ಊರಿನ ಸುತ್ತಣ ನೆಲವೆಂಬುದಷ್ಟೇ ಮೊದಲಿನ ಅರ್ಥ. ಗಾಳಿ, ನೀರು, ಮಣ್ಣು, ಗಿಡಮರ, ಪಶುಪಕ್ಷಿಗಳೆಲ್ಲವನ್ನೂ ಒಳಗೊಂಡ ಇಂದಿನ ವಿಶಾಲಾರ್ಥವು ಈಚೆಗೆ ಬಂದುದು. ‘ದಕ್ಷ’ ಎಂದರೆ ಸಮರ್ಥ, ಕುಶಲ. ಇವೆರಡನ್ನು ಸಮಾಸ ಮಾಡಿ ‘ಪರಿಸರ ದಕ್ಷತೆ’ ಎಂಬ ಪಾರಿಭಾಷಿಕ ಪದವನ್ನು ಈಗ ಬಳಸುತ್ತಿದ್ದಾರೆ. ವ್ಯಾಕರಣದ ವಿದ್ಯಾರ್ಥಿಯು ಇದನ್ನು ಷಷ್ಠೀ ತತ್ಪುರುಷವೆಂದು ಬಿಡಿಸಿದರೆ ಅರ್ಥವು ಕೆಡುತ್ತದೆ. ದಕ್ಷತೆಯು ಪರಿಸರದ್ದಲ್ಲ, ಪರಿಸರದ ವಿಷಯದಲ್ಲಿ ಮನುಷ್ಯನು ತೋರಬೇಕಾದ ದಕ್ಷತೆ. ಆದುದರಿಂದ ಇದು ಸಪ್ತಮೀ ತತ್ಪುರುಷವೇ ಸರಿ.

ಅರ್ಥವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಎರಡು ಮನೆಗಳಲ್ಲಿ ದೀಪ ಉರಿಯುತ್ತಿದೆ. ಎರಡರ ಬೆಳಕೂ ಸಮ. ಒಂದು ಮನೆಯಲ್ಲಿ ರಾತ್ರಿಗೆ ಎರಡು ಚಿಪ್ಪು ಎಣ್ಣೆ ವೆಚ್ಚವಾಗಿ ಗೋಡೆಯೆಲ್ಲ ಕಾಡಿಗೆ ಹಿಡಿಯುತ್ತದೆ. ಇನ್ನೊಂದರಲ್ಲಿ ಒಂದೇ ಚಿಪ್ಪು ಸಾಕು, ಗೋಡೆಯೂ ಶುಭ್ರ. ಎರಡನೆಯ ಮನೆಯು ಪರಿಸರ ದಕ್ಷವಾದುದು. ಪಡೆದ ಪ್ರಯೋಜನವೆಷ್ಟು, ಅದಕ್ಕಾಗಿ ನಿಸರ್ಗದಿಂದ ತೆಗೆದುಕೊಂಡುದೆಷ್ಟು, ಮರಳಿ ನಿಸರ್ಗದ ಮೇಲೆ ಹೊರಿಸಿದ ಹೊಲಸೆಷ್ಟು ಎಂಬ ಮೂರರ ಪ್ರಮಾಣವೇ ಪರಿಸರ ದಕ್ಷತೆ. ಬತ್ತಿಯನ್ನೋ ಹಣತೆಯನ್ನೋ ತಿದ್ದಿ ಈ ಪ್ರಮಾಣವನ್ನು ಸುಧಾರಿಸುವ ಹೊಸ ಉಪಾಯಕ್ಕೆ ಹಸಿರು ತಂತ್ರವಿದ್ಯೆಯೆಂದು ಹೆಸರು. ಮನೆಗೆ ಹೇಳಿದ ಮಾತು ಪಟ್ಟಣಕ್ಕೂ ಅನ್ವಯಿಸುತ್ತದೆಯೆಂಬುದು ಅರ್ಥಶಾಸ್ತ್ರಜ್ಞರ ಮತ. ಆದರೆ ಪಟ್ಟಣವು ಮನೆಯಷ್ಟು ಸರಳವಲ್ಲ. ಅದರ ಕಾಡಿಗೆಯು ಅದರ ಗೋಡೆಗೇ ಹತ್ತಬೇಕೆಂಬ ನಿಯಮವಿಲ್ಲ. ಇದೇ ಪ್ರಸ್ತುತ ವಿಷಯದ ಮರ್ಮ.

ದಕ್ಷತೆಯನ್ನು ಅಳೆಯುವ ಬಗೆಯನ್ನು ಇಂಗ್ಲೆಂಡಿನ ಫ್ಯಾರೆಲ್ ಎಂಬ ಅರ್ಥಶಾಸ್ತ್ರಜ್ಞನು 1957ರಲ್ಲಿ ನಿರೂಪಿಸಿದನು. 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಎಂಬ ಮೂವರು ಅಮೇರಿಕೆಯಲ್ಲಿ ಅದನ್ನು ಗಣಿತದ ವಿಧಾನವಾಗಿ ಬೆಳೆಸಿದರು. ಆ ವಿಧಾನದ ಸಾರವು ಒಕ್ಕಲಿಗನಿಗೂ ತಿಳಿಯುವಂಥದು. ಒಂದೇ ಕಾಲುವೆಯ ಕೆಳಗೆ ಹತ್ತು ಮಂದಿ ರೈತರಿದ್ದಾರೆ. ಯಾರು ಎಷ್ಟು ನೀರು, ಗೊಬ್ಬರ, ಆಳು ಹಚ್ಚಿ ಎಷ್ಟು ಚೀಲ ಬೆಳೆದರೆಂಬುದನ್ನು ಬರೆದಿಟ್ಟುಕೊಂಡರೆ, ಕಡಿಮೆ ಹಚ್ಚಿ ಹೆಚ್ಚು ಬೆಳೆದ ಇಬ್ಬರು ಮೂವರು ಎದ್ದು ಕಾಣುತ್ತಾರೆ. ಅವರನ್ನು ಮೇಲ್ಪಂಕ್ತಿಯೆಂದು ಇಟ್ಟುಕೊಂಡು, ಮಿಕ್ಕವರು ಆ ಪಂಕ್ತಿಯಿಂದ ಎಷ್ಟು ದೂರ ಉಳಿದರೆಂಬುದನ್ನು ಲೆಕ್ಕ ಹಾಕಬೇಕು. ಈ ಲೆಕ್ಕದಲ್ಲಿ ಪರಿಸರವು ಪ್ರವೇಶಿಸಿದುದು ಆಮೇಲೆ. ಹತ್ತು ಮಂದಿಯಲ್ಲಿ ಒಬ್ಬನು ಅತಿಯಾಗಿ ನೀರು ಹಾಯಿಸಿ ಬೆಳೆಯನ್ನೇನೋ ತೆಗೆದನು. ಆದರೆ ಅವನ ಹೊಲವೂ ಪಕ್ಕದ ಹೊಲವೂ ಸವಳು ಹಿಡಿದವು. ಈ ಸವಳು ‘ಬೇಡದ ಫಲ’. ಬೇಕಾದ ಫಲದಂತೆ ಬೇಡದ ಫಲವನ್ನೂ ಲೆಕ್ಕಕ್ಕೆ ಹಿಡಿದಾಗ, ಹಿಂದೆ ಮೇಲ್ಪಂಕ್ತಿಯಲ್ಲಿದ್ದವನು ಕೆಳಗಿಳಿಯಬಹುದು. ರೈತನ ಸ್ಥಾನದಲ್ಲಿ ನಗರವನ್ನೂ, ಸವಳಿನ ಸ್ಥಾನದಲ್ಲಿ ಹೊಗೆ, ಕೊಳಚೆ, ಕಸಗಳನ್ನೂ ಇಟ್ಟರೆ ನಗರಗಳ ಪರಿಸರ ದಕ್ಷತೆಯ ಲೆಕ್ಕ ಸಿದ್ಧವಾಯಿತು.

ಈಚಿನ ಎರಡು ದಶಕಗಳಲ್ಲಿ, ವಿಶೇಷವಾಗಿ ಚೀನಾದೇಶದ ನಗರಗಳನ್ನು ಕುರಿತು, ಇಂಥ ಅಧ್ಯಯನಗಳು ಹೇರಳವಾಗಿ ನಡೆದಿವೆ. ಯಾವ ನಗರದಲ್ಲಿ ಎಷ್ಟು ಹೊಸ ತಂತ್ರಗಳಿಗೆ ಏಕಸ್ವಾಮ್ಯದ ಹಕ್ಕುಪತ್ರ, ಎಂದರೆ ಪೇಟೆಂಟು, ದೊರೆಯಿತೆಂಬ ಸಂಖ್ಯೆಯಿಂದ ಅಲ್ಲಿನ ಹಸಿರು ತಂತ್ರವಿದ್ಯೆಯ ಬೆಳವಣಿಗೆಯನ್ನು ಅವುಗಳಲ್ಲಿ ಅಳೆಯುವುದು ವಾಡಿಕೆ. ಎಣಿಕೆಗೆ ಇದು ಸುಲಭ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಪಟ್ಟಣಗಳಿಗೆ ಈ ಅಳತೆಗೋಲು ಒಗ್ಗುವುದಿಲ್ಲ. ಇಲ್ಲಿಯ ಜನರು ಕಂಡುಕೊಂಡ ಉತ್ತಮೋತ್ತಮ ಉಪಾಯಗಳಿಗೆ ಯಾವ ಕಚೇರಿಯೂ ಹಕ್ಕುಪತ್ರವನ್ನು ಕೊಟ್ಟಿಲ್ಲ.

ಈ ಮಾತಿಗೆ ಆಧಾರಗಳು ಕಣ್ಣೆದುರಿಗೇ ಇವೆ. ವಿಜಯಪುರ ಜಿಲ್ಲೆಯು ಮಳೆಯ ನೆರಳಿನ ನಾಡು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಇಂಡಿ ಸಿಂದಗಿಗಳು ಭೀಮೆಯ ಕಡೆಗೂ, ಬಾಗೇವಾಡಿ ಮುದ್ದೇಬಿಹಾಳಗಳು ಕೃಷ್ಣೆಯ ಕಡೆಗೂ ಮುಖ ಮಾಡಿವೆ. ನದಿಗಳಿದ್ದರೂ ಅವು ತಗ್ಗಿನಲ್ಲಿ, ಊರುಗಳು ಎತ್ತರದಲ್ಲಿ. ಇಂಥ ನೆಲದಲ್ಲಿ ಹಿಂಗಾರಿ ಜೋಳವನ್ನು ಬೆಳೆಯುವ ಪದ್ಧತಿಯೇ ಒಂದು ಶಾಸ್ತ್ರ. ಮಳೆಗಾಲದಲ್ಲಿ ಹೊಲವನ್ನು ಖಾಲಿ ಬಿಟ್ಟು, ಒಡ್ಡು ಹಾಕಿ, ಚೌಕುಮಡಿ ಕಟ್ಟಿ, ಬಿದ್ದ ಹನಿಯನ್ನು ಬಿದ್ದಲ್ಲಿಯೇ ಇಂಗಿಸಿ, ಎರೆಯ ಮಣ್ಣಿನ ಹೊಟ್ಟೆಯಲ್ಲಿ ಕೂಡಿಟ್ಟ ಆ ಹಸಿಯ ಮೇಲೆ ಚಳಿಗಾಲದಲ್ಲಿ ಮಾಲ್ದಂಡಿ ಜೋಳವನ್ನು ತೆಗೆಯುತ್ತಾರೆ. ಒಣಬೇಸಾಯದ ಸಂಶೋಧನೆಗಾಗಿ 1930ರ ದಶಕದಲ್ಲಿ ಸೊಲ್ಲಾಪುರ ಮತ್ತು ವಿಜಯಪುರಗಳಲ್ಲಿ ಕೇಂದ್ರಗಳು ಸ್ಥಾಪಿತವಾದಾಗ, ಅಲ್ಲಿಯ ವಿಜ್ಞಾನಿಗಳು ಪರೀಕ್ಷೆಗೆ ಹಚ್ಚಿದುದರಲ್ಲಿ ಒಡ್ಡು ಹಾಕಿ ಹಸಿಯನ್ನು ಕಾಯುವ ಈ ವಿದ್ಯೆಗೆ ದೊಡ್ಡ ಪಾಲಿತ್ತು. ಬೆಳೆದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ಒಳಗಿನ ಗಾಳಿಯಲ್ಲಿಯ ಪ್ರಾಣವಾಯುವು ಕ್ಷೀಣಿಸಿ ಕೀಟಗಳು ಬದುಕಲಾರದೆ ಹೋಗುವುದೇ ಇದರ ರಹಸ್ಯ. ಔಷಧವಿಲ್ಲ, ವಿದ್ಯುತ್ತಿಲ್ಲ, ಕಸವಿಲ್ಲ. ಪರಿಸರ ದಕ್ಷತೆಯ ಮೇಲ್ಪಂಕ್ತಿಯನ್ನು ಬರೆಯಲು ಹೊರಟವರು ಹಗೇವಿನಿಂದ ಆರಂಭಿಸಿದರೂ ತಪ್ಪಿಲ್ಲ.

ಪಟ್ಟಣಗಳ ವಿಷಯದಲ್ಲಿ ಜಿಲ್ಲಾಕೇಂದ್ರವೇ ಒಂದು ಪಾಠಶಾಲೆ. ಆದಿಲಶಾಹಿ ಅರಸರು ವಿಜಯಪುರವನ್ನು ಮಹಾನಗರವಾಗಿ ಬೆಳೆಸಿದಾಗ ಅದರ ಹತ್ತಿರದಲ್ಲಿ ಯಾವ ನದಿಯೂ ಇರಲಿಲ್ಲ. ತೊರವಿಯ ಕಡೆಯ ಎತ್ತರದ ನೆಲದಲ್ಲಿ ಅಂತರ್ಜಲವನ್ನು ಹಿಡಿದು, ನೆಲದೊಳಗಿನ ಸುರಂಗದ ಮೂಲಕ ನಗರಕ್ಕೆ ತಂದರು. ಒಂದನೆಯ ಅಲಿ ಆದಿಲಶಹನ ಕಾಲದ ಚಾಂದ ಬಾವಡಿ, ಎರಡನೆಯ ಇಬ್ರಾಹಿಮನ ಕಾಲದ ತಾಜ ಬಾವಡಿ, ಮಹಮ್ಮದ ಆದಿಲಶಹನು 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ ಇವೆಲ್ಲ ಒಂದೇ ವ್ಯವಸ್ಥೆಯ ಅಂಗಗಳಂತೆ ನಗರವನ್ನು ಕಾಯುತ್ತಿದ್ದವು. ಮಣ್ಣಿನ ಕೊಳವೆಗಳಲ್ಲಿ ಹರಿಯುವ ನೀರಿನ ಒತ್ತಡ ಹೆಚ್ಚಾಗಿ ಕೊಳವೆ ಒಡೆಯದಂತೆ, ದಾರಿಯ ನಡುನಡುವೆ ‘ಗಂಜ’ಗಳೆಂಬ ಗೋಪುರಗಳನ್ನು ಎಬ್ಬಿಸಿದ್ದರು. ನೀರು ಗೋಪುರದೊಳಗೆ ಏರಿ ಒತ್ತಡವನ್ನು ಕಳೆದುಕೊಂಡು ಮುಂದೆ ಸಾಗುತ್ತಿತ್ತು. ಹೊತ್ತು ತಂದ ಹೂಳು ತಳದಲ್ಲಿ ನಿಲ್ಲುತ್ತಿತ್ತು. ಆ ಗೋಪುರಗಳಲ್ಲಿ ಕೆಲವು ಇಂದಿಗೂ ನಿಂತಿವೆ. ದಾರಿಹೋಕರು ಅವನ್ನು ಕಾವಲುಗೋಪುರಗಳೆಂದು ತಿಳಿಯುವುದುಂಟು! ನೀರನ್ನು ಮುಂದೆ ದೂಡಲು ಇಲ್ಲಿ ಭೂಮಿಯ ಆಕರ್ಷಣೆಯ ಹೊರತು ಬೇರೆ ಶಕ್ತಿಯು ವೆಚ್ಚವಾಗುತ್ತಿರಲಿಲ್ಲ.

ಈ ಮಾತಿನ ಬೆಲೆಯು ಒಂದು ಚಿಕ್ಕ ಲೆಕ್ಕದಿಂದ ಗೊತ್ತಾಗುತ್ತದೆ. ಸಾವಿರ ಲೀಟರು ನೀರನ್ನು 100 ಮೀಟರು ಮೇಲಕ್ಕೆತ್ತಲು, ಯಂತ್ರವು ಪರಿಪೂರ್ಣವಾಗಿದ್ದರೂ ಒಂದು ಯುನಿಟ್ಟಿನ ನಾಲ್ಕನೆಯ ಒಂದಂಶಕ್ಕಿಂತ ತುಸು ಹೆಚ್ಚು ವಿದ್ಯುತ್ತು ಬೇಕೇ ಬೇಕು. ಪಂಪು ಮೋಟಾರುಗಳಲ್ಲಿ ಆಗುವ ನಷ್ಟವನ್ನು ಕೂಡಿಸಿದರೆ ಅದು 0.4 ಯುನಿಟ್ಟಿನಷ್ಟಾಗುತ್ತದೆ. ಬೆಂಗಳೂರಿಗೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರ ಏರಿ ಬರುತ್ತದೆ. ಮೇಲಿನ ಲೆಕ್ಕದಂತೆ ಅಲ್ಲಿಯ ಪ್ರತಿ ಸಾವಿರ ಲೀಟರಿಗೆ ಎರಡು ಯುನಿಟ್ಟುಗಳು ಏರಿಕೆಗೇ ಸಲ್ಲುತ್ತವೆ. ಆದುದರಿಂದ ಅಲ್ಲಿ ಸೋರಿಹೋಗುವ ಪ್ರತಿಯೊಂದು ಕೊಡ ನೀರಿನೊಡನೆ ವಿದ್ಯುತ್ತೂ ಸೋರಿಹೋಗುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ಭಾಗಗಳಲ್ಲಿ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆಯನ್ನು ಆರಂಭಿಸಿದಾಗ, ದಿನವಿಡೀ ನಲ್ಲಿ ಬಿಟ್ಟರೆ ನೀರು ಹಾಳಾಗುವುದೆಂದು ಹೆದರಿದವರಿದ್ದರು. ಆದರೆ ಹಳೆಯ ಕೊಳವೆಗಳನ್ನು ಕಿತ್ತು ಹೊಸವನ್ನು ಹಾಕಿ, ಮನೆಮನೆಗೆ ಮಾಪಕವಿಟ್ಟುದರಿಂದ ಸೋರಿಕೆಗೆ ಕಡಿವಾಣ ಬಿದ್ದಿತು. ಕೊಳವೆಯು ಸದಾ ತುಂಬಿರುವುದರಿಂದ ಹೊರಗಿನ ಕೊಳಚೆಯು ಒಳಸೇರುವುದೂ ತಪ್ಪಿತು. ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಜನರು ಹಂಡೆ, ಕೊಡ, ತೊಟ್ಟಿಗಳನ್ನೆಲ್ಲ ತುಂಬಿಟ್ಟುಕೊಂಡು, ಹೊಸ ನೀರು ಬಂದೊಡನೆ ಹಳೆಯದನ್ನು ಚೆಲ್ಲುವುದನ್ನು ಈ ಸೀಮೆಯಲ್ಲಿ ಕಾಣದವರಾರು?

ನೀರಿನಿಂದ ಬೆಂಕಿಯ ಕಡೆಗೆ ಬರಬೇಕು. ಏಕೆಂದರೆ ಈ ನಾಲ್ಕು ಪಟ್ಟಣಗಳ ಪೈಕಿ ಬಸವನ ಬಾಗೇವಾಡಿಯ ಸೀಮೆಯು ನಾಡಿನ ವಿದ್ಯುತ್ತಿನ ಇತಿಹಾಸದಲ್ಲಿ ಎರಡು ಬಗೆಯಾಗಿ ಸೇರಿಕೊಂಡಿದೆ. ಹಳೆಯ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿಗೆ ಲಾಲ್ ಬಹಾದ್ದೂರ ಶಾಸ್ತ್ರಿಯವರು 1964ನೆಯ ಮೇ 22ರಂದು ಅಡಿಗಲ್ಲನ್ನಿಟ್ಟರು. 519.60 ಮೀಟರು ಮಟ್ಟದವರೆಗೆ ತುಂಬಿದಾಗ 123 ಟಿ.ಎಂ.ಸಿ. ನೀರು ನಿಲ್ಲುವ ಈ ಜಲಾಶಯದ ಬುಡದಲ್ಲಿ 290 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುದಾಗಾರವಿದೆ. ಇದರಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ. ಹಾಗೆಂದು ಇದನ್ನು ಬೆಲೆಯಿಲ್ಲದ ಬೆಳಕೆಂದು ಹೇಳುವಂತಿಲ್ಲ. ಇದರ ಹಿನ್ನೀರಿನಲ್ಲಿ ಫಲವತ್ತಾದ ಹೊಲಗಳೂ ಅನೇಕ ಹಳ್ಳಿಗಳೂ ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಮುಳುಗಿದವು.

ಆಲಮಟ್ಟಿಗೆ ಸಮೀಪದ ಕೂಡಗಿಯಲ್ಲಿ ರಾಷ್ಟ್ರೀಯ ಶಾಖೋತ್ಪನ್ನ ವಿದ್ಯುತ್ ನಿಗಮದ ಸ್ಥಾವರವು ಎದ್ದು ನಿಂತಿದೆ. ತಲಾ 800 ಮೆಗಾವಾಟಿನ ಮೂರು ಘಟಕಗಳು, ಒಟ್ಟು 2400 ಮೆಗಾವಾಟ್. 2017 ಮತ್ತು 2018ರಲ್ಲಿ ಇವು ವಾಣಿಜ್ಯ ಉತ್ಪಾದನೆಗೆ ತೊಡಗಿದವು. ಇದಕ್ಕೆ ನೀರು ಆಲಮಟ್ಟಿಯ ಜಲಾಶಯದಿಂದ. ಕಲ್ಲಿದ್ದಲು ದೂರದ ಗಣಿಗಳಿಂದ ರೈಲಿನಲ್ಲಿ. ಸ್ಥಾವರವು ಬರುವ ಮೊದಲು, ಬೂದಿಯಿಂದ ಬೆಳೆಗೆ ಕೇಡಾದೀತೆಂದೂ ನೀರಿಗೆ ಕೊರತೆ ಬಂದೀತೆಂದೂ ರೈತರು ಹೋರಾಟ ಹೂಡಿದರು. 2014ರ ಜುಲೈ ತಿಂಗಳಿನಲ್ಲಿ ಅದು ಗೋಲಿಬಾರಿನವರೆಗೆ ಹೋಯಿತು.

ಕೂಡಗಿಯ ಸ್ಥಾವರವನ್ನು ಹಳೆಯ ಮಾದರಿಯದೆಂದು ಹಳಿಯುವಂತಿಲ್ಲ. ಅದು ಸ್ವತಃ ಒಂದು ತಾಂತ್ರಿಕ ಸುಧಾರಣೆಯ ಫಲ. ನೀರನ್ನು ಕಾಯಿಸಿದಾಗ ಅದು ಕುದಿದು ಉಗಿಯಾಗುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಒತ್ತಡವನ್ನು ಹೆಚ್ಚಿಸುತ್ತ ಹೋದರೆ ಕುದಿಯುವ ಬಿಂದುವೂ ಏರುತ್ತ ಹೋಗುತ್ತದೆ. ಸುಮಾರು 221 ಬಾರ್ ಒತ್ತಡ ಮತ್ತು 374 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಮೀರಿದ ಮೇಲೆ ನೀರು ಮತ್ತು ಉಗಿ ಎಂಬ ಭೇದವೇ ಅಳಿದುಹೋಗುತ್ತದೆ. ಕುದಿಯುವಿಕೆಯೆಂಬ ನಡುಮಜಲೇ ಅಲ್ಲಿಲ್ಲ. ಈ ಸೀಮೆಯನ್ನು ದಾಟಿ ದುಡಿಯುವ ಕುಲುಮೆಗಳಿಗೆ ‘ಸೂಪರ್ ಕ್ರಿಟಿಕಲ್’ ಎಂದು ಹೆಸರು. ಇಷ್ಟು ಉಚ್ಚ ಒತ್ತಡ ಮತ್ತು ಉಷ್ಣತೆಯಲ್ಲಿ ಉಗಿಯು ಚಕ್ರವನ್ನು ತಿರುಗಿಸುವುದರಿಂದ, ಉರಿದ ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗುವ ಪಾಲು ಹೆಚ್ಚುತ್ತದೆ. ಹಳೆಯ ಪದ್ಧತಿಯಲ್ಲಿ ನೂರಕ್ಕೆ 36ರಷ್ಟು ದೊರೆಯುತ್ತಿದ್ದರೆ ಇಲ್ಲಿ 40ರ ಆಸುಪಾಸು ದೊರೆಯುತ್ತದೆ. ನಾಲ್ಕೇ ಅಂಶದ ಅಂತರವಾದರೂ, ಅಷ್ಟೇ ವಿದ್ಯುತ್ತಿಗೆ ನೂರು ಟನ್ನು ಕಲ್ಲಿದ್ದಲು ಸುಡಬೇಕಾದಲ್ಲಿ ತೊಂಬತ್ತು ಟನ್ನು ಸಾಕಾಗುತ್ತದೆಂದು ಇದರ ಅರ್ಥ. ದಕ್ಷತೆಯ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಮುನ್ನಡೆ.

ಆದರೆ ಉಳಿದ ತೊಂಬತ್ತು ಟನ್ನಿನ ಗತಿಯೇನು? ಒಂದು ಯುನಿಟ್ಟಿಗೆ ಮುಕ್ಕಾಲು ಕಿಲೋಗಿಂತ ತುಸು ಕಡಿಮೆ, ಎಂದರೆ 0.65 ಕಿಲೋ ಕಲ್ಲಿದ್ದಲೆಂದು ಹಿಡಿಯೋಣ. ಮೂರೂ ಘಟಕಗಳು ಪೂರ್ಣ ಸಾಮರ್ಥ್ಯದಿಂದ ದುಡಿದ ದಿನ 5 ಕೋಟಿ 76 ಲಕ್ಷ ಯುನಿಟ್ ವಿದ್ಯುತ್ತಿಗೆ ಸುಮಾರು 37,000 ಟನ್ ಕಲ್ಲಿದ್ದಲು ಬೇಕಾಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ಪಾಲಿನಷ್ಟು ಬೂದಿ. ಅಂದರೆ ಒಂದೇ ದಿನಕ್ಕೆ 12,000 ಟನ್, ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ 1,200 ಲಾರಿಗಳು. ಇದು ಅಂದಾಜಿನ ಲೆಕ್ಕವೇ ಹೊರತು ಸ್ಥಾವರದ ದಫ್ತರದ್ದಲ್ಲ. ಆದರೂ ಪ್ರಮಾಣದ ಕಲ್ಪನೆಗೆ ಸಾಕು. ಈ ಬೂದಿಯನ್ನು ಇಟ್ಟಿಗೆಗೂ ಸಿಮೆಂಟಿಗೂ ರಸ್ತೆಗೂ ಬಳಸಬಹುದು, ಬಳಸಲೇಬೇಕೆಂದು ಕೇಂದ್ರ ಸರಕಾರವು 1999ರಿಂದ ಮೊದಲುಗೊಂಡು ಆದೇಶಗಳನ್ನು ಹೊರಡಿಸುತ್ತ ಬಂದಿದೆ. ಬೂದಿಯ ಇಟ್ಟಿಗೆಯು ಸುಡುವ ಕೆಲಸವಿಲ್ಲದ ಇಟ್ಟಿಗೆ. ಹೊಲದ ಮೇಲ್ಮಣ್ಣನ್ನೂ ಉಳಿಸುತ್ತದೆ. ಕಸವನ್ನೇ ಸರಕನ್ನಾಗಿಸುವ ಇಂಥ ವಿದ್ಯೆಯೂ ಹಸಿರು ತಂತ್ರವಿದ್ಯೆಯ ಒಂದು ಶಾಖೆಯೇ ಸರಿ.

ಇಲ್ಲಿಯೇ ಮೊದಲಿನ ಕಾಡಿಗೆಯ ಪ್ರಶ್ನೆಯು ಮರಳಿ ಬರುತ್ತದೆ. ಕೂಡಗಿಯ ವಿದ್ಯುತ್ತು ದಕ್ಷಿಣದ ಹಲವು ರಾಜ್ಯಗಳಿಗೆ ಹಂಚಿಹೋಗುತ್ತದೆ. ಬೆಂಗಳೂರಿನಲ್ಲಿ ಮೆಟ್ರೋ ರೈಲು ಓಡಿದರೆ, ವಿದ್ಯುತ್ ಬಸ್ಸು ಸಂಚರಿಸಿದರೆ, ಆ ನಗರದ ಬೀದಿಯಲ್ಲಿ ಹೊಗೆ ಕಡಿಮೆಯಾಗುತ್ತದೆ. ನಗರಗಳ ಲೆಕ್ಕ ಬರೆಯುವವನು ಅದನ್ನು ಪರಿಸರ ದಕ್ಷ ನಗರವೆಂದು ಮೇಲ್ಪಂಕ್ತಿಯಲ್ಲಿ ಕೂಡಿಸುತ್ತಾನೆ. ಆ ವಿದ್ಯುತ್ತಿನ ಬೂದಿ ಬೀಳುವುದು ರಾಯಚೂರಿನಲ್ಲಿ, ಬಳ್ಳಾರಿಯಲ್ಲಿ, ಕೂಡಗಿಯಲ್ಲಿ. ಬಾಗೇವಾಡಿಯ ಸೀಮೆಯ ಲೆಕ್ಕವನ್ನು ಅದೇ ಗಣಕನು ಬರೆದರೆ ಬೂದಿ, ಹೊಗೆ, ನೀರಿನ ವೆಚ್ಚಗಳೆಲ್ಲ ಇದರ ಹೆಸರಿಗೆ ಹತ್ತುತ್ತವೆ. ಬೆಳಕು ಮಾತ್ರ ಬೇರೆಯವರ ಹೆಸರಿಗೆ. ಪ್ರಯೋಜನವೊಂದು ಊರಿಗೆ, ಹೊರೆಯೊಂದು ಊರಿಗೆ ಎಂದಾಗ ಒಂದೊಂದೇ ಊರಿನ ಗಡಿಯೊಳಗೆ ನಿಂತು ಮಾಡಿದ ದಕ್ಷತೆಯ ಲೆಕ್ಕವು ನ್ಯಾಯವಾಗಲಾರದು. ಇದು ಇಂದಿನ ಸಮಸ್ಯೆಯೂ ಅಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದುದು ಸಮೀಪದ ಹಳ್ಳಿಗಳಿಗಲ್ಲ, ದೂರದ ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ. ಅಧ್ಯಯನಕಾರರೂ ಈ ದೋಷವನ್ನು ಗುರುತಿಸಿದ್ದಾರೆ. ನೆರೆಹೊರೆಯ ನಗರಗಳ ಮೇಲೆ ಬೀಳುವ ಪ್ರಭಾವವನ್ನೂ ಲೆಕ್ಕದೊಳಗೆ ತರುವ ವಿಧಾನಗಳು ಈಗ ರೂಢಿಗೆ ಬಂದಿವೆ. ಹೊಸ ತಂತ್ರವು ನೆರೆಯೂರಿಗೂ ಹಬ್ಬಿದರೆ ಇಬ್ಬರಿಗೂ ಲಾಭ. ಹಾಗಾಗದೆ, ಒಂದು ಊರು ತನ್ನ ಹೊಗೆಯ ಕಾರ್ಖಾನೆಯನ್ನು ನೆರೆಯೂರಿಗೆ ದಾಟಿಸಿ ತಾನು ಶುಭ್ರವೆನಿಸಿಕೊಂಡರೆ, ನಾಡಿಗೆ ಆದ ಲಾಭವು ಶೂನ್ಯ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. 1865ರಲ್ಲಿ ಇಂಗ್ಲೆಂಡಿನ ಜೆವನ್ಸ್ ಎಂಬ ಪಂಡಿತನು ಕಲ್ಲಿದ್ದಲಿನ ಪ್ರಶ್ನೆಯನ್ನು ಕುರಿತು ಒಂದು ಗ್ರಂಥವನ್ನು ಬರೆದನು. ವಾಟ್ ಎಂಬಾತನು ಉಗಿಯಂತ್ರವನ್ನು ಸುಧಾರಿಸಿ ಕಲ್ಲಿದ್ದಲಿನ ವೆಚ್ಚವನ್ನು ತಗ್ಗಿಸಿದ ಮೇಲೆ ಆ ದೇಶದ ಒಟ್ಟು ಕಲ್ಲಿದ್ದಲಿನ ವೆಚ್ಚವು ಇಳಿಯುವ ಬದಲು ಏರಿತೆಂಬುದನ್ನು ಅವನು ತೋರಿಸಿದನು. ಯಂತ್ರವು ಅಗ್ಗವಾದಂತೆ ಅದನ್ನು ಬಳಸುವವರು ಹೆಚ್ಚಿದರು. ಈ ಮಾತಿಗೆ ಇಂಡಿಯ ತೋಟಗಳಿಗಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ.

ಇಂಡಿಯ ಲಿಂಬೆಯು ನಾಡಿಗೆಲ್ಲ ಪ್ರಸಿದ್ಧ. 2023ರಲ್ಲಿ ಅದಕ್ಕೆ ಭೌಗೋಲಿಕ ಸೂಚಕದ ಮಾನ್ಯತೆಯೂ ದೊರೆಯಿತು. ತೆಳು ಮಣ್ಣಿನ, ಕಡಿಮೆ ನೀರಿನ ನೆಲದಲ್ಲಿ ಲಿಂಬೆಯ ಗಿಡವನ್ನು ಹನಿ ನೀರಾವರಿಯಿಂದ ಬೆಳೆಸುವುದು ಅತ್ಯಂತ ಯುಕ್ತವಾದ ಪದ್ಧತಿ. ನೀರು ಬೇರಿನ ಬುಡಕ್ಕೇ ಇಳಿಯುತ್ತದೆ. ಬಿಸಿಲಿಗೆ ಆರಿಹೋಗುವುದು ಕಡಿಮೆ, ಕಳೆಯೂ ಕಡಿಮೆ. ಒಂದು ಗಿಡಕ್ಕೆ ಬೇಕಾದ ನೀರು ಇಳಿಯುತ್ತದೆಂಬುದರಲ್ಲಿ ಸಂಶಯವಿಲ್ಲ. ಹೀಗೆ ಉಳಿದ ನೀರು ಬಾವಿಯಲ್ಲಿಯೇ ಉಳಿಯುವುದೋ ಎಂಬುದು ಬೇರೆಯೇ ಪ್ರಶ್ನೆ. ಉಳಿದ ನೀರಿಗೆ ಇನ್ನೆರಡು ಎಕರೆ ತೋಟವನ್ನು ಹೆಚ್ಚಿಸುವ ಆಸೆ ರೈತನಿಗೆ ಸಹಜ. ಜೊತೆಗೆ 2008ರಿಂದ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಎತ್ತುವುದಕ್ಕೆ ಬೆಲೆಯಿಲ್ಲದಿದ್ದಾಗ ಉಳಿಸುವುದಕ್ಕೂ ಬೆಲೆಯಿಲ್ಲ. ಕೊಳವೆಬಾವಿಗಳು ಆಳಕ್ಕಿಳಿಯುತ್ತ ಹೋದಂತೆ ಪ್ರತಿ ಕೊಡದ ಹಿಂದಿನ ವಿದ್ಯುತ್ತೂ, ಆ ವಿದ್ಯುತ್ತಿನ ಹಿಂದಿನ ಬೂದಿಯೂ ಹೆಚ್ಚುತ್ತವೆ. ಇಂಡಿಯ ಬಾವಿಗೂ ಕೂಡಗಿಯ ಬೂದಿಗೂ ಹೀಗೆ ಕಣ್ಣಿಗೆ ಕಾಣದ ಒಂದು ತಂತಿಯ ಸಂಬಂಧವಿದೆ.

ಕಬ್ಬಿನ ವಿಷಯದಲ್ಲಿ ಈ ಲೆಕ್ಕ ಇನ್ನೂ ಸ್ಪಷ್ಟ. ವರ್ಷದಲ್ಲಿ ಕಬ್ಬಿಗೆ ಒಟ್ಟು ಎರಡು ಮೀಟರು ಆಳದಷ್ಟು ನೀರು ಬೇಕೆಂದು ಇಟ್ಟುಕೊಂಡರೆ, ಒಂದು ಎಕರೆಗೆ ಸುಮಾರು 80 ಲಕ್ಷ ಲೀಟರು. ಅದನ್ನು 100 ಮೀಟರು ಮೇಲೆತ್ತಲು ಮೂರು ಸಾವಿರಕ್ಕೂ ಮೀರಿದ ಯುನಿಟ್ಟುಗಳು ಬೇಕು. ಅದೇ ಎಕರೆಯಲ್ಲಿ ಹಿಂಗಾರಿ ಜೋಳವು ಒಂದು ಯುನಿಟ್ಟೂ ಇಲ್ಲದೆ, ಮಣ್ಣಿನ ಹಸಿಯ ಮೇಲೆಯೇ ಬರುತ್ತದೆ. ಆದಾಯದಲ್ಲಿ ಕಬ್ಬು ಮುಂದು, ಜೋಳ ಹಿಂದು. ಪರಿಸರ ದಕ್ಷತೆಯಲ್ಲಿ ಸ್ಥಾನಗಳು ಅದಲುಬದಲು. ಸಕ್ಕರೆಯ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಉರಿಸಿ ತಮಗೆ ಬೇಕಾದ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಂಡು, ಮಿಕ್ಕುದನ್ನು ಮಾರುವುದು ಮೆಚ್ಚತಕ್ಕ ಪದ್ಧತಿಯೇ. ಆದರೆ ಆ ಲೆಕ್ಕದ ಮಗ್ಗುಲಲ್ಲಿ ಕಬ್ಬು ಕುಡಿದ ನೀರಿನ ಲೆಕ್ಕವನ್ನೂ ಬರೆಯಬೇಕು.

ತಂತ್ರವು ಉತ್ತಮವಾಗಿದ್ದ ಮಾತ್ರಕ್ಕೆ ಫಲ ಸಿದ್ಧವಲ್ಲವೆಂಬುದಕ್ಕೆ ಮುದ್ದೇಬಿಹಾಳದ ನೆರೆಯಲ್ಲಿ, ಕೃಷ್ಣೆಯ ಆಚೆಯ ದಂಡೆಯ ಹುನಗುಂದ ತಾಲ್ಲೂಕಿನಲ್ಲಿ ಒಂದು ನಿದರ್ಶನವುಂಟು. ರಾಮಥಾಳ-ಮರೋಳ ಯೋಜನೆಯೆಂದು ಅದರ ಹೆಸರು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಸುಮಾರು 24,000 ಹೆಕ್ಟೇರು ಹೊಲಗಳಿಗೆ ಕಾಲುವೆಯ ಬದಲು ಕೊಳವೆಗಳ ಮೂಲಕ ಹನಿ ನೀರಾವರಿಯನ್ನು ಒದಗಿಸುವ ಈ ಯೋಜನೆಯನ್ನು ಏಷ್ಯಾಖಂಡದಲ್ಲಿಯೇ ದೊಡ್ಡದೆಂದು ವರ್ಣಿಸಿದರು. ಗಣಕಯಂತ್ರದಿಂದ ಕವಾಟಗಳನ್ನು ತೆರೆದು ಮುಚ್ಚುವ ಏರ್ಪಾಡೂ ಇದ್ದಿತು. ಆದರೆ ಹನಿ ನೀರಾವರಿಯು ಹೊಲಗಳಲ್ಲಿ ನಿರೀಕ್ಷಿಸಿದಷ್ಟು ಬೇರೂರಲಿಲ್ಲ. ಹತ್ತಾರು ರೈತರಿಗೆ ಸೇರಿದ ಹೊಲಗಳಿಗೆ ಒಂದೇ ಕವಾಟವಿರುವಾಗ ಅವರೆಲ್ಲರೂ ಒಂದೇ ಮಾತಿಗೆ ಬರಬೇಕು. ಹರಗುವಾಗ ಕೊಳವೆಯನ್ನು ಸುತ್ತಿ ತೆಗೆದು ಮತ್ತೆ ಹಾಸಬೇಕು. ಇಲಿ ಕಡಿದುದನ್ನು, ಕಸ ಕಟ್ಟಿದುದನ್ನು ದಿನವೂ ನೋಡಬೇಕು. ಬೆಳೆಯನ್ನೇ ಬದಲಿಸದೆ ಜೋಳ ಕಡಲೆಗಳನ್ನೇ ಬಿತ್ತುವವನಿಗೆ ಇಷ್ಟು ಶ್ರಮದ ಪ್ರತಿಫಲವೂ ಕಾಣಿಸುವುದಿಲ್ಲ. ಹೀಗಾಗಿ ಕೊಳವೆಯು ನೆಲದಲ್ಲಿದ್ದು ವಿದ್ಯೆಯು ಮಾತ್ರ ಜನರಲ್ಲಿ ಇಳಿಯದೆ ಹೋಯಿತು. ಇಷ್ಟು ದೊಡ್ಡ ಮೊತ್ತದಲ್ಲಿ ಒಂದಿಷ್ಟನ್ನು ರೈತರ ಕಲಿಕೆಗೂ ಹಳ್ಳಿಗೊಬ್ಬ ರಿಪೇರಿಗಾರನ ತರಬೇತಿಗೂ ಮೊದಲೇ ಮೀಸಲಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ಪಟ್ಟಣದಿಂದ ಪಟ್ಟಣಕ್ಕೆ ದಕ್ಷತೆಯು ಭಿನ್ನವಾಗುವುದಕ್ಕೆ ಇದೇ ಮುಖ್ಯ ಕಾರಣ. ಬಲ್ಬು ಎಲ್ಲೆಡೆಯೂ ಒಂದೇ. 60 ವಾಟಿನ ಹಳೆಯ ಬುರುಡೆಯಷ್ಟೇ ಬೆಳಕನ್ನು ಎಲ್‌ಇಡಿ ದೀಪವು 9 ವಾಟಿನಲ್ಲಿ ಕೊಡುತ್ತದೆ, ಇಂಡಿಯಲ್ಲಾಗಲಿ ಸಿಂದಗಿಯಲ್ಲಾಗಲಿ. ಆದುದರಿಂದ ಇಂಥ ವಿದ್ಯೆಯು ಬೇಗ ಹಬ್ಬಿತು. ಕಸದ ವಿದ್ಯೆ ಹಾಗಲ್ಲ. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ನಿಯಮಗಳು ಹೇಳಿದವು. 2016ರ ಸ್ವಚ್ಛತೆಯ ಸಮೀಕ್ಷೆಯಲ್ಲಿ ದೇಶಕ್ಕೆ ಮೊದಲನೆಯದಾಗಿ ಬಂದ ಮೈಸೂರಿನಲ್ಲಿ, ಕುಂಬಾರಕೊಪ್ಪಲಿನಂಥ ಬಡಾವಣೆಗಳ ಚಿಕ್ಕ ಚಿಕ್ಕ ಘಟಕಗಳಲ್ಲಿಯೇ ಕಸವು ಗೊಬ್ಬರವಾಗುತ್ತಿತ್ತು. ಅಲ್ಲಿ ದೊಡ್ಡ ಯಂತ್ರವೇನೂ ಇರಲಿಲ್ಲ. ಕಸ ಬೇರ್ಪಡಿಸುವ ಕೈಗಳೂ ಗೊಬ್ಬರವನ್ನು ಕೊಳ್ಳುವ ರೈತರೂ ಇದ್ದರು. ಈ ನಾಲ್ಕು ಪುರಸಭೆಗಳಿಗೆ ಒಂದು ಅನುಕೂಲವು ಮಹಾನಗರಗಳಿಗಿಂತ ಹೆಚ್ಚಾಗಿದೆ. ಇಲ್ಲಿ ಊರು ಮುಗಿದಲ್ಲಿ ಹೊಲ ಆರಂಭವಾಗುತ್ತದೆ. ಹಸಿ ಕಸದ ಗೊಬ್ಬರವು ನಾಲ್ಕು ಮೈಲಿ ಹೋದರೆ ಲಿಂಬೆಯ ಗಿಡದ ಬುಡಕ್ಕೆ ಸೇರುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕಾರ್ಯವು 2018ರಲ್ಲಿ ಆರಂಭವಾದಾಗ ಅದಕ್ಕೆ ದೀರ್ಘವಾದ ಕೊಳವೆ ಮಾರ್ಗವೂ ದೊಡ್ಡ ಪಂಪುಗಳೂ ಬೇಕಾದವು. ಮುದ್ದೇಬಿಹಾಳದಂಥ ಊರಿನಲ್ಲಿ ಅಷ್ಟು ದೂರವೇ ಇಲ್ಲ.

ಕಡೆಯದಾಗಿ ಗಾಳಿ ಬಿಸಿಲುಗಳ ಮಾತು. ಬಯಲುನಾಡಿನ ಈ ಎರಡು ಸಂಪತ್ತುಗಳನ್ನು ಹಿಂದಿನವರು ತೂರುವುದಕ್ಕೂ ಒಣಗಿಸುವುದಕ್ಕೂ ಬಳಸುತ್ತಿದ್ದರು. ಇಂದು ಬಾಗೇವಾಡಿ ಇಂಡಿಗಳ ಬಯಲಿನಲ್ಲಿ ಗಾಳಿಯಂತ್ರಗಳು ದೂರದಿಂದಲೇ ಕಾಣುತ್ತವೆ. ಪಾವಗಡದಲ್ಲಿ 2018ರಲ್ಲಿ ಉದ್ಘಾಟನೆಯಾದ ಸೌರ ಉದ್ಯಾನವು 2050 ಮೆಗಾವಾಟಿನವರೆಗೆ ಬೆಳೆದಿದೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿಯೂ ಜಲವಿದ್ಯುತ್ತೂ ಒಮ್ಮೆಗೇ ಹೇರಳವಾಗಿ ದೊರೆಯುತ್ತವೆ. ಹಗಲಿನಲ್ಲಿ ಬಿಸಿಲಿನ ವಿದ್ಯುತ್ತು ಸೇರಿಕೊಳ್ಳುತ್ತದೆ. ಆಗ ಕೂಡಗಿಯಂಥ ಸ್ಥಾವರಗಳು ತಮ್ಮ ಉರಿಯನ್ನು ತಗ್ಗಿಸಬೇಕಾಗುತ್ತದೆ, ಸೂರ್ಯನು ಮುಳುಗಿ ಊರೂರಿನ ದೀಪಗಳು ಹತ್ತಿದೊಡನೆ ಮತ್ತೆ ಏರಿಸಬೇಕಾಗುತ್ತದೆ. ದೊಡ್ಡ ಕುಲುಮೆಯನ್ನು ಹೀಗೆ ಅರ್ಧ ಉರಿಯಲ್ಲಿ ನಡೆಸಿದಾಗ ಅದರ ದಕ್ಷತೆ ಕುಗ್ಗಿ, ಪ್ರತಿ ಯುನಿಟ್ಟಿಗೆ ಸುಡುವ ಕಲ್ಲಿದ್ದಲು ತುಸು ಹೆಚ್ಚುತ್ತದೆ. ಒಟ್ಟು ಸುಡುವ ಕಲ್ಲಿದ್ದಲು ಮಾತ್ರ ಬಹಳಷ್ಟು ಇಳಿಯುತ್ತದೆ. ಯುನಿಟ್ಟಿನ ಲೆಕ್ಕದಲ್ಲಿ ಸ್ಥಾವರವು ಹಿಂದೆ ಬಿದ್ದ ಆ ದಿನವೇ ಸುತ್ತಲಿನ ಹೊಲಗಳ ಮೇಲೆ ಬೀಳುವ ಬೂದಿಯು ಕಡಿಮೆ. ಹಗಲಿನ ಬಿಸಿಲನ್ನು ಇರುಳಿಗೆ ಕೂಡಿಡುವ ದೊಡ್ಡ ಬ್ಯಾಟರಿಗಳೂ, ನೀರನ್ನು ಮೇಲಿನ ಕೆರೆಗೆ ಏರಿಸಿಟ್ಟು ಸಂಜೆ ಇಳಿಸುವ ಜಲಾಗಾರಗಳೂ ಈಗ ಸಿದ್ಧವಾಗುತ್ತಿವೆ. ಜೋಳವನ್ನು ಹಗೇವಿನಲ್ಲಿಟ್ಟಂತೆ ವಿದ್ಯುತ್ತನ್ನೂ ಕೂಡಿಡುವ ಈ ವಿದ್ಯೆ ಕೈಗೂಡಿದಷ್ಟೂ, ಸಂಜೆಯ ಹೊತ್ತು ಕೂಡಗಿಯ ಕುಲುಮೆಗೆ ಬೀಳುವ ಕಲ್ಲಿದ್ದಲು ಇಳಿಯುತ್ತ ಹೋಗುತ್ತದೆ.